ತೂಕ ಒಂದೇ, ಉಸಿರಿನ ಲೆಕ್ಕ ಬೇರೆ

ದಾವಣಗೆರೆಯಿಂದ ಮಾತಾಡ್ತಿದ್ದೀನಿ. ಹೋದ ಬೇಸಿಗೆಯಲ್ಲಿ ಹರಿಹರದ ಹತ್ತಿರ ನಮ್ಮ ಸೋದರಮಾವ ಕೃಷಿ ಹೊಂಡಕ್ಕೆ ಬಿಡೋಕೆ ಕಾಟ್ಲಾ ಮರಿ ತರಿಸಿದ್ರು. ಮಧ್ಯಾಹ್ನ ಚೀಲ ಬಿಚ್ಚಿದ್ರೆ ಅರ್ಧಕ್ಕರ್ಧ ಸತ್ತಿದ್ವು. "ಹಿಂದಿನ ಸಲ ಬೆರಳುದ್ದದ ಮರಿ ಇಷ್ಟೇ ಕೆಜಿ ತುಂಬಿದ್ವಿ, ಏನೂ ಆಗಿರಲಿಲ್ಲ. ಈ ಸಲ ಮರಿ ಇನ್ನೂ ಸಣ್ಣವು, ಆದ್ರೂ ಯಾಕೋ ಹಿಂಗಾಯ್ತು?" ಅಂದ್ರು.

ನಾನು ಬಿಕಾಂ ಓದಿದವನು. ಓದ್ತಾ ಹೋದಾಗ ಇದೂ ಖರ್ಚಿನ ಲೆಕ್ಕವೇ ಅಂತ ಗೊತ್ತಾಯ್ತು.

ಮೀನು ಶೀತರಕ್ತ ಪ್ರಾಣಿ, ಮೈ ಬೆಚ್ಚಗಿಟ್ಟುಕೊಳ್ಳೋ ಖರ್ಚಿಲ್ಲ. ಆದರೂ ಜೀವಕೋಶದೊಳಗಿನ ಮೈಟೊಕಾಂಡ್ರಿಯಾಗಳು ಆಮ್ಲಜನಕ ಬಳಸಿ ಎಟಿಪಿ ಅನ್ನೋ ಶಕ್ತಿಯ ಚಿಲ್ಲರೆಯನ್ನು ತಯಾರಿಸ್ತಾನೇ ಇರಬೇಕು. ದೇಹ ದೊಡ್ಡದಾದಂತೆ ಒಟ್ಟು ಖರ್ಚು ಏರುತ್ತೆ, ಆದರೆ ತೂಕ ಏರಿದಷ್ಟು ಏರಲ್ಲ. ಬಿಸಿರಕ್ತದ ಪ್ರಾಣಿಗಳಲ್ಲಿ ಮ್ಯಾಕ್ಸ್ ಕ್ಲೈಬರ್ 1932ರಲ್ಲಿ ತೋರಿಸಿದ್ದು ಇದನ್ನೇ. ಮೀನುಗಳಲ್ಲಿ ಘಾತಾಂಕ ಸುಮಾರು 0.8 ಅಂತ ಹಿಡಿದರೆ, 1 ಕೆಜಿಯ ಒಂದು ಮೀನಿಗಿಂತ 1 ಗ್ರಾಂನ 1,000 ಮರಿಗಳಿಗೆ ಸುಮಾರು 4 ಪಟ್ಟು ಆಮ್ಲಜನಕ ಬೇಕು. ಯಾಕೆ ಹೀಗೆ ಅನ್ನೋ ವಾದ ವಿಜ್ಞಾನಿಗಳಲ್ಲಿ ಇನ್ನೂ ಮುಗಿದಿಲ್ಲ.

ಇದರ ಮೇಲೆ ನಮ್ಮೂರ ಬಿಸಿಲು. ನೀರು 10 ಡಿಗ್ರಿ ಕಾದರೆ ಮೀನಿನ ಖರ್ಚು ಹೆಚ್ಚುಕಡಿಮೆ ಎರಡು ಪಟ್ಟಾಗುತ್ತೆ. ನೀರಲ್ಲಿ ಕರಗೋ ಆಮ್ಲಜನಕ ಮಾತ್ರ ಇಳಿಯುತ್ತೆ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ, 30ರಲ್ಲಿ ಸುಮಾರು 7.5.

ಈ ಸಲ ಮಾವ ಚೀಲಕ್ಕೆ ಕಡಿಮೆ ಮರಿ ತುಂಬಿಸಿ, ಬೆಳಗಿನ ಜಾವವೇ ತಂದ್ರು. ಬಿಚ್ಚೋ ಮುಂಚೆ ಚೀಲಗಳನ್ನ ಹೊಂಡದಲ್ಲಿ ಸ್ವಲ್ಪ ಹೊತ್ತು ತೇಲಿಬಿಟ್ರು. ನೀವೂ ಮರಿ ತರೋ ಹಾಗಿದ್ರೆ ಕೆಜಿ ಜೊತೆ ಮರಿಯ ಗಾತ್ರನೂ ಕೇಳಿ.