ನಿಮಗಿದು ಗೊತ್ತೆ? ಶಿಶುವಿನ ನೆಗಡಿಗೂ ರಕ್ತದ ಕ್ಯಾನ್ಸರ್‌ಗೂ ನಂಟಿರಬಹುದು

ಮಕ್ಕಳನ್ನು ಹೆಚ್ಚಾಗಿ ಕಾಡುವ ರಕ್ತದ ಕ್ಯಾನ್ಸರ್ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ. ಇದು ಅತಿ ಹೆಚ್ಚು ಕಾಣಿಸಿಕೊಳ್ಳುವುದು 2ರಿಂದ 5ನೇ ವಯಸ್ಸಿನೊಳಗೆ. ಎಷ್ಟೋ ವೇಳೆ ಅದರ ಬೀಜ ಗರ್ಭದಲ್ಲೇ ಬಿದ್ದಿರುತ್ತದೆ: ರಕ್ತಕಣವೊಂದರಲ್ಲಿ ಎರಡು ಜೀನ್‌ಗಳು ತುಂಡಾಗಿ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಆದರೂ ಅಂಥ ನೂರು ಮಕ್ಕಳಲ್ಲಿ ರೋಗ ಬರುವುದು ಸುಮಾರು ಒಬ್ಬರಿಗೆ. ಅಂದರೆ ಈ ಮೊದಲ ಪೆಟ್ಟಷ್ಟೇ ಸಾಲದು. ಹಾಗಾದರೆ ಎರಡನೆಯ ಪೆಟ್ಟು ಯಾವುದು? ಲಂಡನ್‌ನ ವಿಜ್ಞಾನಿ ಮೆಲ್ ಗ್ರೀವ್ಸ್ 2018ರಲ್ಲಿ ವಿವರವಾಗಿ ಮಂಡಿಸಿದ ವಾದ ಹೀಗಿದೆ: ಮೊದಲ ವರ್ಷದಲ್ಲಿ ನೆಗಡಿಯಂಥ ಸಾಮಾನ್ಯ ಸೋಂಕುಗಳ ಪರಿಚಯವೇ ಆಗದ ಮಗುವಿಗೆ ಮುಂದೆ ಸೋಂಕು ತಗುಲಿದಾಗ, ಪಳಗದ ರೋಗನಿರೋಧಕ ವ್ಯವಸ್ಥೆ ಅತಿಯಾಗಿ ಕೆರಳಿ ಆ ಪೆಟ್ಟು ಕೊಡಬಹುದು. ಎಳವೆಯಲ್ಲೇ ಶಿಶುವಿಹಾರ ಸೇರಿ ಇತರ ಮಕ್ಕಳಿಂದ ಸೋಂಕುಗಳಿಗೆ ಒಡ್ಡಿಕೊಂಡ ಮಕ್ಕಳಲ್ಲಿ ಅಪಾಯ ತುಸು ಕಡಿಮೆ ಎಂದು ಹಲವು ಅಧ್ಯಯನಗಳು ಹೇಳಿವೆ. ಆದರೆ ಗ್ರೀವ್ಸ್ ಅವರ ವಾದ ಇನ್ನೂ ಪೂರ್ತಿ ಸಾಬೀತಾಗಿಲ್ಲ. ಹೆತ್ತವರು ತಮ್ಮನ್ನು ದೂಷಿಸಿಕೊಳ್ಳಲೇಬಾರದು. ಬೇಕೆಂದೇ ಮಗುವಿಗೆ ಸೋಂಕು ಅಂಟಿಸಬೇಡಿ, ಲಸಿಕೆ ತಪ್ಪಿಸಬೇಡಿ.