ನಾಯಿಯೊಡನೆ ದೂರದಾರಿ

ನಾಯಿಯನ್ನು ಜತೆಗಿಟ್ಟುಕೊಂಡು ಮಾಡಿದ ದೂರಪ್ರಯಾಣಗಳಲ್ಲಿ ನಮಗೆಲ್ಲ ತಿಳಿದಿರುವುದು ಧರ್ಮರಾಯನದು. ದ್ರೌಪದಿಯೂ ನಾಲ್ವರು ತಮ್ಮಂದಿರೂ ಒಬ್ಬೊಬ್ಬರಾಗಿ ದಾರಿಯಲ್ಲಿ ಬಿದ್ದ ಮೇಲೆ ಕೊನೆಯವರೆಗೆ ಅವನ ಹಿಂದೆ ನಡೆದದ್ದು ಒಂದು ನಾಯಿ. ಅದನ್ನು ಬಿಟ್ಟು ತನಗೆ ಸ್ವರ್ಗವೂ ಬೇಡವೆಂದು ಅವನು ಇಂದ್ರನ ರಥವನ್ನೇ ಏರಲೊಪ್ಪಲಿಲ್ಲ. ಅದೇ ಪಾಂಡವರು ಅಜ್ಞಾತವಾಸ ಕಳೆದ ವಿರಾಟನಗರ ತಮ್ಮೂರೇ ಎನ್ನುತ್ತಾರೆ ಹಾವೇರಿ ಜಿಲ್ಲೆಯ ಹಾನಗಲ್ಲಿನ ಜನ. ಐತಿಹ್ಯದ ಮಾತು ಹಾಗಿರಲಿ; ನಾಯಿಯೊಡನೆ ದಾರಿ ನಡೆಯುವುದು ಈ ಸೀಮೆಯಲ್ಲಿ ಇಂದಿಗೂ ಜೀವಂತವಾಗಿರುವ ವಿದ್ಯೆ. ಅದನ್ನು ಬಲ್ಲವರು ಕುರಿಗಾರರು.

ಸುಗ್ಗಿ ಮುಗಿದು ಹೊಲ ಬಯಲಾದ ಮೇಲೆ ಶಿಗ್ಗಾವಿ, ಸವಣೂರು, ಹಿರೇಕೆರೂರಿನ ರಸ್ತೆಗಳಲ್ಲಿ ಹೋಗುವವರಿಗೆ ಕುರಿಮಂದೆ ಎದುರಾಗದೆ ಇರದು. ಹೆಗಲ ಮೇಲೆ ಕಂಬಳಿ, ಕುದುರೆಯ ಮೇಲೆ ಸಂಸಾರದ ಸಾಮಾನು, ಮಂದೆಯ ಪಕ್ಕದಲ್ಲಿ ಒಂದೆರಡು ನಾಯಿ. ರೈತನ ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸಿದರೆ ಅವನಿಗೆ ಗೊಬ್ಬರ, ಕುರಿಗಾರನಿಗೆ ಕಾಳು ಇಲ್ಲವೆ ಹಣ. ಆದರೆ ತೋಳ ಮತ್ತು ಕಳ್ಳರಿಂದ ಮಂದೆ ಉಳಿಯಬೇಕಾದರೆ ನಾಯಿ ಎಚ್ಚರವಾಗಿರಬೇಕು. ಹಗಲೆಲ್ಲ ದಣಿದ ನಾಯಿ ರಾತ್ರಿ ಕಾಯಲಾರದು. ಆದ್ದರಿಂದಲೇ ಕುರಿಗಾರನ ಪ್ರಯಾಣ ಎಲ್ಲಿ ನೀರು, ಎಲ್ಲಿ ನೆರಳು ಎಂಬ ಲೆಕ್ಕದ ಮೇಲೆ ನಡೆಯುತ್ತದೆ. ತಂಪಿನಲ್ಲಿ ನಡಿಗೆ, ನಡುಹಗಲು ಮರದಡಿ ವಿಶ್ರಾಂತಿ. ಹಿರೇಕೆರೂರಿಗೆ ಹೆಸರು ಕೊಟ್ಟದ್ದೇ ಕೆರೆ. ಇಂಥ ಕೆರೆಗಳೇ ಹಳೆಯ ದಾರಿಗಳ ತಂಗುದಾಣಗಳು.

ನಾಯಿಗೆ ಸಲ್ಲುವ ಗೌರವಕ್ಕೆ ಭಕ್ತಿಯ ನೆಲೆಯೂ ಉಂಟು. ಕುರುಬರ ಆರಾಧ್ಯದೈವ ಮೈಲಾರಲಿಂಗನ ಪರಿವಾರದಲ್ಲಿ ನಾಯಿಗೆ ಸ್ಥಾನವಿದೆ. ನೆರೆಯ ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ಮೈಲಾರನ ಗೊರವರು ನಾಯಿಗಳಂತೆ ಬೊಗಳುವುದನ್ನು, ದೋಣಿಗೆ ಬಾಯಿ ಹಚ್ಚಿ ಹಾಲು, ಬಾಳೆಹಣ್ಣಿನ ಎಡೆಯನ್ನು ಉಣ್ಣುವುದನ್ನು ನೋಡಿದವರಿಗೆ ಇದು ಹೊಸತಲ್ಲ.

ಇಂದು ಇದೇ ಸೀಮೆಯಲ್ಲಿ ಬೇರೊಂದು ಬಗೆಯ ಪ್ರಯಾಣವೂ ಕಾಣುತ್ತಿದೆ. ಬೆಂಗಳೂರು–ಪುಣೆ ಹೆದ್ದಾರಿ ಶಿಗ್ಗಾವಿಯನ್ನು ಹಾಯ್ದು ಹೋಗುತ್ತದೆ. ರಜೆಗೆ, ಜಾತ್ರೆಗೆ ಊರಿಗೆ ಬರುವ ಸಂಸಾರಗಳು ಕಾರಿನಲ್ಲಿ ನಾಯಿಯನ್ನೂ ಕರೆತರುತ್ತವೆ. ಬೆಂಗಳೂರಿನಿಂದ 350 ಕಿಲೋಮೀಟರಿಗೂ ಮಿಕ್ಕ ದಾರಿ. ಕಾರಿನವರು ಕುರಿಗಾರನಿಂದ ಕಲಿಯಬೇಕಾದ ಮೊದಲ ಪಾಠ ಹೊತ್ತಿನದು.

ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ನಾಲಗೆ ಚಾಚಿ ಏದುಸಿರು ಬಿಟ್ಟೇ ಅದು ಮೈಯ ಕಾವು ಇಳಿಸಿಕೊಳ್ಳಬೇಕು. ಬಿಸಿಲಿನಲ್ಲಿ ನಿಂತ ಮುಚ್ಚಿದ ಕಾರಿನೊಳಗೆ ಹತ್ತೇ ನಿಮಿಷದಲ್ಲಿ ಉಷ್ಣತೆ ಸುಮಾರು 10 ಡಿಗ್ರಿ ಏರುತ್ತದೆ. ಕಿಟಕಿಯನ್ನು ಚೂರು ಇಳಿಸಿಟ್ಟರೂ ಹೆಚ್ಚಿನ ಉಪಯೋಗವಿಲ್ಲ. ಚಹಾ ಕುಡಿದು ಬರುವಷ್ಟರಲ್ಲಿ ಪ್ರಾಣಕ್ಕೇ ಸಂಚಕಾರ ಬಂದೀತು. ಬೇಸಿಗೆಯಲ್ಲಿ ನಸುಕಿನಲ್ಲೇ ಹೊರಡುವುದು, ಎರಡು ಮೂರು ತಾಸಿಗೊಮ್ಮೆ ನೆರಳಿನಲ್ಲಿ ನಿಲ್ಲಿಸಿ ನೀರು ಕುಡಿಸುವುದು ಕ್ಷೇಮ. ಡಾಂಬರಿನ ಮೇಲೆ ಇಳಿಸುವ ಮುನ್ನ ನಮ್ಮ ಅಂಗೈಯ ಹಿಂಬದಿಯನ್ನು ಊರಿ ನೋಡಬೇಕು. ಐದಾರು ಸೆಕೆಂಡು ತಡೆಯಲಾಗದಿದ್ದರೆ ಅದರ ಪಾದವೂ ಸುಡುತ್ತದೆ. ಹೊರಡುವ ಮುನ್ನ ಹೊಟ್ಟೆತುಂಬ ಊಟ ಹಾಕಿದರೆ ದಾರಿಯಲ್ಲಿ ವಾಂತಿ ಖಂಡಿತ.

ಎರಡನೆಯ ಪಾಠ ಗಡಿಯದು. ಪ್ರತಿ ಊರಿನ ನಾಯಿಗಳಿಗೂ ತಮ್ಮದೇ ಎಲ್ಲೆ ಇರುತ್ತದೆ. ಹೊಸ ನಾಯಿ ಕಾಲಿಟ್ಟರೆ ಕಾಳಗವೇ. ಕಾರಿನ ಬಾಗಿಲು ತೆರೆಯುವ ಮೊದಲೇ ಸರಪಳಿ ಕೈಯಲ್ಲಿರಲಿ. ರೇಬೀಸ್ ಲಸಿಕೆ ಮರಿಗೆ ಮೂರು ತಿಂಗಳಾದಾಗ ಆರಂಭವಾಗಿ ಮುಂದೆ ವೈದ್ಯರು ಹೇಳಿದ ಅವಧಿಗೆ ತಪ್ಪದೆ ಬೀಳಬೇಕು. ಅದರ ಚೀಟಿ ಜತೆಗಿರಲಿ. ಮನುಷ್ಯರಿಗೆ ಕಡಿತವಾದರೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಬೇಕು. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಇಲ್ಲವೆನ್ನುವಷ್ಟು ಅಪರೂಪ.

ಮೂರನೆಯದು ನೆಲದ ಅರಿವು. ಸವಣೂರಿನ ಎರೆನೆಲದಲ್ಲಿ ಬೇಸಿಗೆಯ ಬಿಸಿಲು ಶತ್ರುವಾದರೆ, ಹಾನಗಲ್ಲಿನ ಭತ್ತದ ಗದ್ದೆಗಳಲ್ಲಿ ಮಳೆಗಾಲದ ತೇವವೇ ಶತ್ರು. ನಿಂತ ನೀರು ಕುಡಿದರೆ ಇಲಿಜ್ವರದ ಭಯ. ಹುಲ್ಲಿನಲ್ಲಿ ಓಡಾಡಿದರೆ ಉಣ್ಣೆ ಅಂಟುತ್ತದೆ. ಔಷಧಿ ಹೊಡೆದ ಹತ್ತಿ, ಗೋವಿನಜೋಳದ ಹೊಲಗಳ ಬದುವಿನ ನೀರೂ ಸಲ್ಲದು. ಮನೆಯ ನೀರನ್ನೇ ಕ್ಯಾನಿನಲ್ಲಿ ಒಯ್ಯುವುದು ಲೇಸು.

ಇಷ್ಟೆಲ್ಲ ಹೊಂದಿಸಲಾಗದಿದ್ದರೆ, ಅಥವಾ ನಾಯಿ ಮುದಿಯಾಗಿದ್ದರೆ, ಪರಿಚಿತರ ಮನೆಯಲ್ಲಿ ಬಿಟ್ಟು ಹೋಗುವುದೇ ಅದಕ್ಕೆ ಮಾಡುವ ಉಪಕಾರ. ಕರೆತಂದು ನಡುದಾರಿಯಲ್ಲಿ ಕೈಬಿಡುವುದು ಮಾತ್ರ ಕೂಡದು. ಹಸಿವು ನೀರಡಿಕೆಗಳಿಂದ ನರಳುವಂತೆ ಪ್ರಾಣಿಯನ್ನು ತೊರೆದು ಹೋಗುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ. ಕಾಯಿದೆ ಬರುವುದಕ್ಕೆ ಎಷ್ಟೋ ಮೊದಲೇ, ಸ್ವರ್ಗದ ಬಾಗಿಲಲ್ಲಿ ನಿಂತು ಧರ್ಮರಾಯ ಹೇಳಿದ್ದೂ ಇದನ್ನೇ.