ಕರೆ ಬಂತು, ನೇರ ಕಿವಿಗೇ!

ಫೋನ್ ರಿಂಗಣಿಸುತ್ತದೆ. ಮನೆಯಲ್ಲಿ ಬೇರೆ ಯಾರೂ ಇಲ್ಲ. ಆದರೂ ಅಜ್ಜ ಕುರ್ಚಿಯಿಂದ ಏಳುವುದಿಲ್ಲ. ಕಿವಿಗೆ ಯಂತ್ರ ಹಾಕಿಕೊಂಡಿದ್ದಾರೆ, ಎದುರಿಗೆ ಕುಳಿತು ಮಾತನಾಡಿದರೆ ಬಹುತೇಕ ಎಲ್ಲವೂ ತಿಳಿಯುತ್ತದೆ. ಫೋನ್ ಎಂದರೆ ಮಾತ್ರ ಹಿಂಜರಿಕೆ. ದೂರದೂರಿನ ಮಗಳು 'ಮಾತ್ರೆ ತಗೊಂಡ್ರಾ ಅಪ್ಪಾ?' ಎಂದು ಕೇಳಿದರೆ, ಇವರು 'ಹೌದಮ್ಮ, ರಾತ್ರೆ ಇಲ್ಲಿ ಮಳೆ ಬಂತು' ಎನ್ನುತ್ತಾರೆ. ಅತ್ತ ಕಡೆಯಿಂದ ನಗು. ಆ ನಗು ಮಾತ್ರ ಸ್ಪಷ್ಟವಾಗಿ ಕೇಳಿಸುತ್ತದೆ! ನಾಲ್ಕು ಸಲ ಹೀಗಾದ ಮೇಲೆ ಅಜ್ಜ ಫೋನ್ ಮುಟ್ಟುವುದನ್ನೇ ಬಿಡುತ್ತಾರೆ. ಮಗಳೊಡನೆ ಮಾತು ನಿಲ್ಲುತ್ತದೆ.

ಇಂಥ ಅಜ್ಜ, ಅಜ್ಜಿಯರು ಪ್ರತಿ ಬೀದಿಯಲ್ಲೂ ಸಿಗುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ವರದಿಯ ಪ್ರಕಾರ ಜಗತ್ತಿನಲ್ಲಿ 150 ಕೋಟಿಗೂ ಹೆಚ್ಚು ಜನರಿಗೆ ಒಂದಲ್ಲ ಒಂದು ಪ್ರಮಾಣದ ಶ್ರವಣದೋಷವಿದೆ. ಇವರಲ್ಲಿ 43 ಕೋಟಿ ಜನರಿಗೆ ಚಿಕಿತ್ಸೆ ಅಥವಾ ಸಾಧನದ ನೆರವು ಬೇಕೇ ಬೇಕು.

ಫೋನಿನಲ್ಲೇ ಏಕೆ ಕಷ್ಟ?

ಕಿವಿ ಮಂದವಾದವರು ಕಣ್ಣಿನಿಂದಲೂ ಕೇಳುತ್ತಾರೆ. ಎದುರಿನವರ ತುಟಿಯ ಚಲನೆ, ಮುಖಭಾವ ನೋಡಿ ಅರ್ಧ ಮಾತು ಊಹಿಸುತ್ತಾರೆ. ಫೋನಿನಲ್ಲಿ ಆ ಆಸರೆ ಇಲ್ಲ. ಜೊತೆಗೆ ಸಾಂಪ್ರದಾಯಿಕ ದೂರವಾಣಿ ಸಾಗಿಸುವುದು ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಸ್ವರಗಳನ್ನು ಮಾತ್ರ. 'ಸ', 'ಶ'ದಂಥ ಅಕ್ಷರಗಳ ಸದ್ದಿನ ಬಹುಭಾಗ ಅದರಾಚೆಗೆ ಉಳಿದುಬಿಡುತ್ತದೆ.

ಇನ್ನೊಂದು ತೊಡಕೂ ಇದೆ. ಕಿವಿಯ ಹಿಂದೆ ಕೂರುವ ಯಂತ್ರದ ಮೈಕ್ ಇರುವುದು ಕಿವಿಯ ಮೇಲ್ಭಾಗದಲ್ಲಿ. ಜನ ಫೋನ್ ಹಿಡಿಯುವುದು ಕಿವಿಯ ತೂತಿಗೆ! ಫೋನನ್ನು ಒಂದಂಗುಲ ಮೇಲಕ್ಕೆ, ತುಸು ಓರೆಯಾಗಿ ಹಿಡಿದರೆ ಎಷ್ಟೋ ವ್ಯತ್ಯಾಸವಾಗುತ್ತದೆ. ತೀರಾ ಒತ್ತಿ ಹಿಡಿದರೆ ಯಂತ್ರ 'ಕುಯ್ಯೋ' ಎಂದು ಶಿಳ್ಳೆ ಹಾಕಲೂಬಹುದು.

ಹಳೆಯ ಉಪಾಯ

ಇದಕ್ಕೆ ಪರಿಹಾರ ಹುಡುಕುವ ಪ್ರಯತ್ನ 1930ರ ದಶಕದಷ್ಟು ಹಳೆಯದು. ಫೋನಿನ ರಿಸೀವರಿನಲ್ಲಿ ಅಯಸ್ಕಾಂತವಿರುತ್ತದೆ. ಮಾತಿಗೆ ತಕ್ಕಂತೆ ಅದರ ಕಾಂತಕ್ಷೇತ್ರ ಏರಿಳಿಯುತ್ತದೆ. ಯಂತ್ರದೊಳಗೆ ತಾಮ್ರದ ತಂತಿಯ ಪುಟ್ಟ ಸುರುಳಿಯೊಂದನ್ನಿಟ್ಟರೆ ಅದು ಈ ಏರಿಳಿತವನ್ನು ಹಿಡಿದು ಮತ್ತೆ ಮಾತಾಗಿಸುತ್ತದೆ. ಇದೇ 'ಟೆಲಿಕಾಯಿಲ್'. ಯಂತ್ರವನ್ನು 'ಟಿ'ಗೆ ತಿರುಗಿಸಿದರೆ ಮೈಕ್ ಮೌನವಾಗುತ್ತದೆ. ಪಕ್ಕದ ಮಿಕ್ಸಿ, ಹೊರಗಿನ ಆಟೋ ಸದ್ದು ಯಾವುದೂ ಇಲ್ಲ, ಫೋನಿನ ದನಿ ಮಾತ್ರ. ಆದರೆ ಅತಿ ಚಿಕ್ಕ ಯಂತ್ರಗಳಲ್ಲಿ ಈ ಸುರುಳಿಗೆ ಜಾಗವಿರುವುದಿಲ್ಲ. ಇದ್ದವರಲ್ಲೂ ಅನೇಕರಿಗೆ ಅದು ಇರುವುದೇ ಗೊತ್ತಿರುವುದಿಲ್ಲ.

ತಂತಿಯಿಲ್ಲದ ನಂಟು

ಮೊಬೈಲ್ ಬಂದ ಮೇಲೆ ದಾರಿ ಬದಲಾಯಿತು. ಮೊದಲು ಬಂದದ್ದು ಕೊರಳಿಗೆ ತೂಗುಹಾಕಿಕೊಳ್ಳುವ 'ಸ್ಟ್ರೀಮರ್'. ಇದು ಒಂದು ಬಗೆಯ ದುಭಾಷಿ. ಫೋನಿನಿಂದ ಬ್ಲೂಟೂತ್ ಮೂಲಕ ದನಿ ಪಡೆದು, ಯಂತ್ರಕ್ಕೆ ಅರ್ಥವಾಗುವ ರೇಡಿಯೋ ಭಾಷೆಯಲ್ಲಿ ದಾಟಿಸುತ್ತದೆ. 2014ರಲ್ಲಿ ಐಫೋನಿಗೆ ನೇರ ಬೆಸೆಯುವ ಶ್ರವಣಯಂತ್ರಗಳು ಬಂದವು. 2018ರಲ್ಲಿ ಗೂಗಲ್ ಆಂಡ್ರಾಯ್ಡ್ ಫೋನುಗಳಿಗೂ ಇಂಥ ಏರ್ಪಾಟು ಪ್ರಕಟಿಸಿತು. 2020ರಲ್ಲಿ ಘೋಷಣೆಯಾದ 'ಎಲ್‌ಇ ಆಡಿಯೋ' ಎಂಬ ಹೊಸ ಬ್ಲೂಟೂತ್ ಕ್ರಮ ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ಸ್ಪಷ್ಟತೆ ಕೊಡುವಂಥದ್ದು.

ಲಾಭವೇನು? ದನಿ ಎರಡೂ ಕಿವಿಗೆ ಬರುತ್ತದೆ. ಯಾವ ಕಿವಿಯಲ್ಲಿ ಯಾವ ಸ್ವರ ಎಷ್ಟು ಕುಂದಿದೆಯೋ ಅದಕ್ಕೆ ತಕ್ಕಂತೆ ತಿದ್ದಿಕೊಂಡು ಬರುತ್ತದೆ. ಒಂದು ಸೂಕ್ಷ್ಮ ಮಾತ್ರ ನೆನಪಿರಲಿ: ಹಲವು ಯಂತ್ರಗಳಲ್ಲಿ ಕೇಳುವುದು ಕಿವಿಯಲ್ಲಾದರೂ ನಿಮ್ಮ ಮಾತು ಹೋಗುವುದು ಫೋನಿನ ಮೈಕಿನಿಂದಲೇ. ಫೋನನ್ನು ಒಳಕೋಣೆಯಲ್ಲಿ ಬಿಟ್ಟು ಜಗಲಿಯಿಂದ ಮಾತನಾಡಿದರೆ ಅತ್ತ ಕಡೆಯವರು 'ಹಲೋ, ಹಲೋ' ಎನ್ನುತ್ತಲೇ ಇರುತ್ತಾರೆ!

ತಂಬೂರಿಯೂ ಗದ್ದಲವೇ?

ಸಂಗೀತದ ಕಥೆಯೇ ಬೇರೆ. ಶ್ರವಣಯಂತ್ರ ರೂಪುಗೊಂಡದ್ದು ಮಾತಿಗಾಗಿ. ಒಂದೇ ಸಮನೆ ಬರುವ ಸದ್ದನ್ನು ಅದು ಫ್ಯಾನಿನ ಗದ್ದಲವೆಂದೇ ಬಗೆದು ತಗ್ಗಿಸುತ್ತದೆ. ಪಾಪ, ತಂಬೂರಿಯ ಶ್ರುತಿಯೂ ಒಂದೇ ಸಮನೆಯದೇ! ಕೊಳಲಿನ ದೀರ್ಘ ಸ್ವರವನ್ನು ತನ್ನದೇ ಶಿಳ್ಳೆಯೆಂದು ಭ್ರಮಿಸಿ ಅಡಗಿಸಲು ಹೋಗುವುದೂ ಉಂಟು. ಆಗ ಸ್ವರ ನಡುಗಿದಂತೆ ಕೇಳುತ್ತದೆ. ವರ್ಷಗಟ್ಟಲೆ ಸಂಗೀತ ಕೇಳಿದ ಕಿವಿಗೆ ಇದು ಸಣ್ಣ ದುಃಖವಲ್ಲ. ಎಷ್ಟೋ ರಸಿಕರು ರೇಡಿಯೋ ಮುಚ್ಚಿಡಲು ಇದೇ ಕಾರಣ.

ಸಂಗೀತವನ್ನು ನಿಸ್ತಂತುವಾಗಿ ನೇರ ಯಂತ್ರಕ್ಕೆ ಹರಿಸಿದರೆ ಹೊರಗಿನ ಮೈಕಿನ ಹಂಗು ಇರುವುದಿಲ್ಲ, ಶಿಳ್ಳೆಯ ಕಾಟವೂ ಕಡಿಮೆ. ಇದಲ್ಲದೆ ಶ್ರವಣತಜ್ಞರಲ್ಲಿ ಕೇಳಿ ಸಂಗೀತಕ್ಕೆಂದೇ ಒಂದು 'ಪ್ರೋಗ್ರಾಂ' ಹಾಕಿಸಿಕೊಳ್ಳಬಹುದು. ಆದರೆ ಕಿವಿಯನ್ನು ಪೂರ್ತಿ ಮುಚ್ಚದ ತೆಳು ಬಿರಡೆಯಿದ್ದರೆ ಮಂದ್ರ ಸ್ವರ ಹೊರಗೆ ಸೋರಿಹೋಗುತ್ತದೆ. ಮೃದಂಗದ ಎಡಗೈ ನಾದ ಸೊರಗುತ್ತದೆ. ಅಳತೆ ತೆಗೆದು ಮಾಡಿಸಿದ ಅಚ್ಚು ಇದಕ್ಕೆ ಮದ್ದು.

ಕೊಳ್ಳುವ ಮುನ್ನ

ಒಂದು ಕಂಪನಿಯ ಉಪಕರಣ ಇನ್ನೊಂದರ ಯಂತ್ರಕ್ಕೆ ಸಾಮಾನ್ಯವಾಗಿ ಹೊಂದುವುದಿಲ್ಲ. ಯಂತ್ರಕ್ಕೆ ಹಣ ಕೊಡುವ ಮೊದಲೇ ನಿಮ್ಮ ಫೋನನ್ನು ಜೊತೆಗೊಯ್ದು, ಅಂಗಡಿಯಲ್ಲೇ ಮನೆಗೊಂದು ಕರೆ ಮಾಡಿ ನೋಡಿ. ಸ್ಟ್ರೀಮರ್, ಟಿ.ವಿ. ಪೆಟ್ಟಿಗೆಗಳ ಬೆಲೆ ಸೇರಿದೆಯೇ, ಟೆಲಿಕಾಯಿಲ್ ಇದೆಯೇ ಎಂದು ಕೇಳಿ. ನಿಸ್ತಂತು ಬಳಕೆಯಲ್ಲಿ ಸೆಲ್ ಬೇಗ ಖಾಲಿಯಾಗುತ್ತದೆ ಎಂಬುದೂ ತಿಳಿದಿರಲಿ. ಪರೀಕ್ಷೆ, ಸಲಹೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಕಡಿಮೆ ಆದಾಯದವರಿಗೆ ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಲ್ಲಿ ಶ್ರವಣಯಂತ್ರ ಸಿಗುತ್ತದೆ.

ಯಂತ್ರ ಎಷ್ಟೇ ಒಳ್ಳೆಯದಾದರೂ ಅತ್ತ ಕಡೆಯವರಿಗೂ ತಾಳ್ಮೆ ಬೇಕು. ಮೊದಲು ಹೆಸರು ಹೇಳಿ, ಕಿರುಚದೆ ನಿಧಾನವಾಗಿ ಮಾತನಾಡಿ. ತಪ್ಪು ಕೇಳಿಸಿಕೊಂಡರೆ ನಗಬೇಡಿ, ಬೇರೆ ಮಾತಿನಲ್ಲಿ ಹೇಳಿ. ಆಗ ಒಂದು ದಿನ ಮಗಳ ಪ್ರಶ್ನೆಗೆ ಸರಿಯಾದ ಉತ್ತರವೇ ಬಂದೀತು: 'ಮಾತ್ರೆ ತಗೊಂಡೆ ಕಣಮ್ಮ. ಅದಿರಲಿ, ರಾತ್ರೆ ಇಲ್ಲಿ ಮಳೆ ಬಂತು!'